ತುಂಗೆಯ ಬೋಟಿಯ ಮತ್ತು ಬೆಂಗಳೂರಿನ ಕೆರೆಗಳು: ನೆಲೆಯ ದಾಖಲೆಯ ಪ್ರಶ್ನೆ

ಸಿಹಿನೀರಿನ ಲೋಚ್ ಮೀನುಗಳ ಬೋಟಿಯ ಕುಲವನ್ನು 1831ರಲ್ಲಿ ಪ್ರಾಣಿಶಾಸ್ತ್ರಜ್ಞ ಗ್ರೇ ಹೆಸರಿಸಿದ. ಅದರ ಪ್ರಭೇದಗಳಲ್ಲಿ ಡಾರಿಯೊ, ಲೋಹಚಾಟ ಗಂಗಾ ಬಯಲಿನವು. ಆಲ್ಮೋರೆ ಹಿಮಾಲಯದ ತಪ್ಪಲಿನದು. ಹಿಸ್ಟ್ರಿಯೋನಿಕ, ಕುಬೋಟೈ ಮ್ಯಾನ್ಮಾರ್ ಕಡೆಯವು. ಇವುಗಳಿಂದ ಬಹುದೂರ, ಪಶ್ಚಿಮ ಘಟ್ಟದಲ್ಲಿ ಹುಟ್ಟುವ ಕೃಷ್ಣೆಯ ಉಪನದಿಗಳಲ್ಲಿ ಇರುವುದು ಬೋಟಿಯ ಸ್ಟ್ರಯೇಟ. 1920ರಲ್ಲಿ ಶಿವಮೊಗ್ಗ ಸೀಮೆಯ ತುಂಗಾ ನದಿಯ ಮಾದರಿಗಳಿಂದ ಇದನ್ನು ಮೊದಲು ವಿವರಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್.

ಹಳದಿ ಮೈಮೇಲೆ ಒತ್ತೊತ್ತಾದ ಕಪ್ಪು ಅಡ್ಡಪಟ್ಟೆಗಳು, ಕೆಳಮುಖವಾದ ಬಾಯಿ, ಅದರ ಸುತ್ತ ಚಿಕ್ಕ ಮೀಸೆಗಳು ಈ ಮೀನಿನ ಗುರುತು. ಕಣ್ಣಿನ ಕೆಳಗೆ ಇಕ್ಕವಲಾದ ಮುಳ್ಳೊಂದು ಚರ್ಮದ ಮಡಿಕೆಯಲ್ಲಿ ಅಡಗಿರುತ್ತದೆ. ಹೆದರಿದಾಗ ಮುಳ್ಳು ಸೆಟೆದು ನಿಲ್ಲುತ್ತದೆ. ಬಲೆಗೆ ಸಿಕ್ಕಿಕೊಳ್ಳುತ್ತದೆ, ಸಾಗಿಸುವ ಪ್ಲಾಸ್ಟಿಕ್ ಚೀಲವನ್ನೂ ತೂತು ಮಾಡಬಲ್ಲದು.

ಸ್ಟ್ರಯೇಟ ತನ್ನ ಬಂಧುಗಳಿಂದ ಇಷ್ಟು ದೂರವಾದದ್ದು ಹೇಗೆ? ಹಿಮಾಲಯದ ರಭಸದ ತೊರೆಗಳ ಮೀನುಗಳು ಸಾತ್ಪುರ ಶ್ರೇಣಿಯ ಮೂಲಕ ದಕ್ಷಿಣಕ್ಕೆ ಬಂದವು ಎಂದು ಮೀನುಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ವಾದಿಸಿದ್ದರು. ಆ ವಾದವನ್ನು ಒಪ್ಪಲಿ, ತಳ್ಳಿಹಾಕಲಿ, ಚರ್ಚೆ ನಿಲ್ಲುವುದು ಒಂದೇ ಬಗೆಯ ಸಾಕ್ಷ್ಯದ ಮೇಲೆ: ಯಾವ ಮೀನು ಯಾವ ಹೊಳೆಯಲ್ಲಿ ಸಿಕ್ಕಿತು ಎಂಬುದು.

ಈ ಸಾಕ್ಷ್ಯ ಇಂದು ಕಲಬೆರಕೆಯಾಗುವ ಸಾಧ್ಯತೆ ಬೆಂಗಳೂರಿನ ಹೊರವಲಯದಲ್ಲಿದೆ. ಸ್ಟ್ರಯೇಟ ಅಲಂಕಾರಿಕ ಮೀನು. ಅಕ್ವೇರಿಯಂ ಹವ್ಯಾಸಿಗಳ ನಡುವೆ 'ಜೀಬ್ರಾ ಲೋಚ್' ಎಂದೇ ಪರಿಚಿತ. ಸಾಕಿ ಬೇಸತ್ತವರು ಮೀನನ್ನು ಹತ್ತಿರದ ಕೆರೆಗೆ ಬಿಡುವುದುಂಟು. ವೈಟ್‌ಫೀಲ್ಡ್ ಸಮೀಪದ ವರ್ತೂರು ಕೆರೆಯ ನೀರು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಪೀಣ್ಯ ಕಡೆಯ ವೃಷಭಾವತಿ ಅರ್ಕಾವತಿಯ ಮೂಲಕ ಕಾವೇರಿಗೆ. ಎರಡಕ್ಕೂ ಕೃಷ್ಣೆಯ ನಂಟಿಲ್ಲ. ಅದೂ ಅಲ್ಲದೆ ಸ್ಟ್ರಯೇಟ ಬಾಳುವುದು ತಿಳಿನೀರು ಹರಿಯುವ, ಕಲ್ಲು ಹಾಸಿದ ತೊರೆಗಳಲ್ಲಿ. ಕೊಳಚೆ ತುಂಬಿದ ಈ ನೀರು ಅದರ ನೆಲೆಯಲ್ಲ. ಇಲ್ಲಿ ಒಂದು ಮೀನು ಬಲೆಗೆ ಬಿದ್ದರೆ ಅದು ಪ್ರಭೇದದ ಹರವಿಗೆ ಪುರಾವೆಯಾಗದು. ಯಾರೋ ಬಿಟ್ಟದ್ದಕ್ಕೆ ಪುರಾವೆಯಾದೀತು, ಅಷ್ಟೆ.

ಅಂಗಡಿಯಲ್ಲಿ ಕೊಂಡ ಮಾದರಿಗೂ ಇದೇ ಮಾತು ಸಲ್ಲುತ್ತದೆ: ಅದರಿಂದ ಪ್ರಭೇದವನ್ನು ಗುರುತಿಸಬಹುದು, ಊರನ್ನಲ್ಲ. ಐಯುಸಿಎನ್ ಕೆಂಪು ಪಟ್ಟಿಗೆ ಅಪಾಯದಂಚಿನ ಪ್ರಭೇದವಾಗಿ ಸೇರಿದ ಮೀನಿನ ವಿಷಯದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ತಪ್ಪು ನೆಲೆಯೊಂದು ಪ್ರಭೇದದ ನೆಲೆಗಳ ದಾಖಲೆಗೆ ಸೇರಿದರೆ ಹರವು ಹಿಗ್ಗಿದಂತೆ ಕಾಣುತ್ತದೆ, ಅಪಾಯ ಕುಗ್ಗಿದಂತೆ ತೋರುತ್ತದೆ. ಆದ್ದರಿಂದ ನಗರದ ಕೆರೆಗಳ ಮೀನುಪಟ್ಟಿ ಮಾಡುವವರು ಸ್ಥಳೀಯ ಮೀನು, ಬಿಟ್ಟ ಮೀನು ಎಂದು ಎರಡು ಕಲಮುಗಳನ್ನು ಇಡಬೇಕು. ಸಾಕುವವರು ತೊಟ್ಟಿಯ ಮೀನನ್ನು ಕೆರೆಗೆ ಬಿಡದಿರಬೇಕು.