ಮನೆಬಾಗಿಲಿಗೆ ಬಂದ ರಕ್ತಪರೀಕ್ಷೆ

2020ರ ಫೆಬ್ರುವರಿಯಲ್ಲಿ ದಕ್ಷಿಣ ಕೊರಿಯದ ಡೇಗು, ಗೋಯಾಂಗ್ ನಗರಗಳಲ್ಲಿ ಕಾರಿನಿಂದ ಇಳಿಯದೆಯೇ ಕೊರೊನಾ ಪರೀಕ್ಷೆ ಮಾಡಿಸಿಕೊಳ್ಳುವ ಕೇಂದ್ರಗಳು ತೆರೆದಾಗ ಜಗತ್ತು ಬೆರಗಾಯಿತು. ಆದರೆ ಆಸ್ಪತ್ರೆಯ ಹೊರಗೇ ರೋಗ ಪತ್ತೆ ಮಾಡುವುದು ಹೊಸ ವಿಚಾರವೇನಲ್ಲ. ಕಾರುಗಳಿಲ್ಲದ ನಮ್ಮ ಹಳ್ಳಿಗಳಲ್ಲಿ ಪರೀಕ್ಷೆಯೇ ಮನೆಬಾಗಿಲಿಗೆ ನಡೆದು ಬರುತ್ತಿತ್ತು.

ಕನ್ನಂಬಾಡಿ ಕಟ್ಟೆಯಿಂದ ಹೊರಟ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದಲ್ಲಿ ಮಂಡ್ಯ ಸೀಮೆಗೆ ಬತ್ತ, ಕಬ್ಬಿನ ಸಿರಿ ತಂದಿತು. ಜೊತೆಗೆ ಮಲೇರಿಯವನ್ನೂ ತಂದಿತು. ನಿಂತ ನೀರಿನಲ್ಲಿ ಅನಾಫಿಲಿಸ್ ಸೊಳ್ಳೆಗಳು ಹೆಚ್ಚಿದವು. ಚಿನಕುರಳಿಯಂಥ ಊರಿನ ಕೂಲಿಗಾರನಿಗೆ ಚಳಿಜ್ವರವೆಂದು ಪಾಂಡವಪುರದ ಆಸ್ಪತ್ರೆಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ನಡುಕ ನಿಂತರೆ ಸಾಕು, ಮತ್ತೆ ಗದ್ದೆಗಿಳಿಯುವುದೇ ಸಹಜ.

ಈ ತೊಡಕನ್ನು ಬಿಡಿಸಲು ಹೊರಟದ್ದು 1958ರ ರಾಷ್ಟ್ರೀಯ ಮಲೇರಿಯ ನಿರ್ಮೂಲನ ಕಾರ್ಯಕ್ರಮ. ಡಿಡಿಟಿ ಸಿಂಪಡಣೆಯ ಜೊತೆಗೆ, ಹದಿನೈದು ದಿನಕ್ಕೊಮ್ಮೆ ಸಿಬ್ಬಂದಿ ಮನೆಮನೆಗೆ ಬಂದು ಜ್ವರ ವಿಚಾರಿಸಿ, ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಸ್ಲೈಡಿನ ಮೇಲೆ ರಕ್ತದ ಹನಿ ಒಯ್ಯುವ ಪದ್ಧತಿ ಬಂದಿತು. 1965ರಲ್ಲಿ ದೇಶದ ಮಲೇರಿಯ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು. ಆಮೇಲೆ ಸೊಳ್ಳೆಗಳು ಡಿಡಿಟಿಗೆ ಜಗ್ಗದಾದವು, ಕಣ್ಗಾವಲು ಸಡಿಲವಾಯಿತು. 1976ರಲ್ಲಿ ಅದೇ ಸಂಖ್ಯೆ 64 ಲಕ್ಷ ದಾಟಿತು.

1977ರ ಪರಿಷ್ಕೃತ ಯೋಜನೆ ಊರಿನವರ ನೆರವನ್ನೇ ಬೇಡಿತು. ಶಾಲಾ ಮೇಷ್ಟ್ರು, ಪಂಚಾಯಿತಿ ಸದಸ್ಯರಂಥವರು ಸಂಬಳವಿಲ್ಲದೆ ಜ್ವರ ಚಿಕಿತ್ಸಾ ಕೇಂದ್ರ ನಡೆಸಬೇಕಿತ್ತು. ಜ್ವರದವರ ರಕ್ತ ತೆಗೆದು ಕ್ಲೋರೋಕ್ವಿನ್ ಮಾತ್ರೆ ಕೊಡುವುದು ಅವರ ಕೆಲಸ. ಗುರುತಿನವರೆಂದ ಮೇಲೆ ಹೆದರಿಕೆ ಕಡಿಮೆ. ಆದರೆ ಸ್ಲೈಡು ದೂರದ ಪ್ರಯೋಗಾಲಯಕ್ಕೆ ಹೋಗಿ ಫಲಿತಾಂಶ ಬರುವುದು ತಡವಾದರೆ ಮುಂದಿನ ಸಲ ಬೆರಳು ಚಾಚುವವರು ಯಾರು? ಸ್ವಯಂಸೇವಕರ ಮಾತಿಗೆ ಬೆಲೆ ಬರಬೇಕಾದರೆ ಹಿಂದಿನ ವ್ಯವಸ್ಥೆಯೂ ಚುರುಕಾಗಿರಬೇಕು.

ಈಗ ಮಲೇರಿಯ ಪತ್ತೆಗೆ ಇಪ್ಪತ್ತೇ ನಿಮಿಷದ ಕಿಟ್‌ಗಳಿವೆ. 2005ರಲ್ಲಿ ಆರಂಭವಾದ ಯೋಜನೆಯ ಆಶಾ ಕಾರ್ಯಕರ್ತೆಯರು ಊರಿನವರೇ ಆಗಿದ್ದು ಇಂಥ ಕೆಲಸಕ್ಕೆ ಹೆಗಲು ಕೊಟ್ಟಿದ್ದಾರೆ. ಸರ್ಕಾರದ ಲೆಕ್ಕದಲ್ಲಿ ಅವರೂ ಸ್ವಯಂಸೇವಕಿಯರೇ. ಕೊರೊನಾ ಕಾಲದಲ್ಲಿ ಮನೆಮನೆ ಸಮೀಕ್ಷೆ ಮಾಡಿದ ರಾಜ್ಯದ ಆಶಾ ಕಾರ್ಯಕರ್ತೆಯರು 2020ರ ಜುಲೈಯಲ್ಲಿ ಮುಷ್ಕರ ಹೂಡಿದರು. ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ರಕ್ಷಣಾ ಸಾಮಗ್ರಿ ಅವರ ಬೇಡಿಕೆಯಾಗಿತ್ತು. ರೋಗವನ್ನು ಮೊದಲು ಎದುರುಗೊಳ್ಳುವ ಕೈಗೆ ಕೈಗವಸನ್ನೂ ಕೇಳಿ ಪಡೆಯಬೇಕಾದ ಸ್ಥಿತಿ ಅದು.