ಸ್ಕೂಲ್ ಆಫ್ ದಿ ಅಮೆರಿಕಾಸ್ ವಿರೋಧಿ ಚಳವಳಿ ಮತ್ತು ಧರ್ಮಭಗಿನಿಯರು

ಸ್ಕೂಲ್ ಆಫ್ ದಿ ಅಮೆರಿಕಾಸ್ ಎಂಬುದು ಲ್ಯಾಟಿನ್ ಅಮೆರಿಕದ ಸೈನಿಕರಿಗೆ ತರಬೇತಿ ನೀಡಲು ಅಮೆರಿಕ ಸಂಯುಕ್ತ ಸಂಸ್ಥಾನದ ಸೇನೆ ನಡೆಸುತ್ತಿದ್ದ ಶಾಲೆ. ಇಲ್ಲಿ ತರಬೇತಿ ಪಡೆದ ಹಲವರು ತಮ್ಮ ದೇಶಗಳಲ್ಲಿ ಹತ್ಯೆ, ಚಿತ್ರಹಿಂಸೆಗಳಲ್ಲಿ ಭಾಗಿಯಾದುದರಿಂದ ಶಾಲೆಯನ್ನು ಮುಚ್ಚಬೇಕೆಂಬ ಅಹಿಂಸಾತ್ಮಕ ಚಳವಳಿ 1990ರಲ್ಲಿ ಆರಂಭವಾಯಿತು. ಕ್ಯಾಥೋಲಿಕ್ ಧರ್ಮಭಗಿನಿಯರು ಇದರಲ್ಲಿ ಪ್ರಮುಖ ಪಾತ್ರ ವಹಿಸಿದರು.

ಹಿನ್ನೆಲೆ

ಶಾಲೆಯು 1946ರಲ್ಲಿ ಪನಾಮದಲ್ಲಿ ಸ್ಥಾಪನೆಯಾಯಿತು. 1963ರಲ್ಲಿ ಅದಕ್ಕೆ ಸ್ಕೂಲ್ ಆಫ್ ದಿ ಅಮೆರಿಕಾಸ್ ಎಂಬ ಹೆಸರು ಬಂದಿತು. 1984ರಲ್ಲಿ ಜಾರ್ಜಿಯಾ ರಾಜ್ಯದ ಫೋರ್ಟ್ ಬೆನ್ನಿಂಗ್ ಸೇನಾನೆಲೆಗೆ ಅದನ್ನು ಸ್ಥಳಾಂತರಿಸಲಾಯಿತು.

ಎಲ್ ಸಾಲ್ವಡಾರ್‌ನ ಅಂತರ್ಯುದ್ಧದ ಕಾಲದಲ್ಲಿ ಬಡವರ ಪರವಾಗಿ ಕೆಲಸ ಮಾಡುತ್ತಿದ್ದ ಚರ್ಚಿನವರೂ ದಾಳಿಗೆ ಗುರಿಯಾದರು. 1980ರ ಡಿಸೆಂಬರ್ 2ರಂದು ಅಲ್ಲಿನ ರಾಷ್ಟ್ರೀಯ ರಕ್ಷಣಾ ಪಡೆಯವರು ಧರ್ಮಭಗಿನಿಯರಾದ ಈಟಾ ಫೋರ್ಡ್, ಮೌರಾ ಕ್ಲಾರ್ಕ್, ಡೊರೊಥಿ ಕಝೆಲ್ ಹಾಗೂ ಸೇವಾಕರ್ತೆ ಜೀನ್ ಡೊನೊವನ್ ಅವರನ್ನು ಅತ್ಯಾಚಾರವೆಸಗಿ ಕೊಂದರು. 1989ರ ನವೆಂಬರ್ 16ರಂದು ರಾಜಧಾನಿ ಸಾನ್ ಸಾಲ್ವಡಾರ್‌ನ ವಿಶ್ವವಿದ್ಯಾಲಯವೊಂದರಲ್ಲಿ ಆರು ಮಂದಿ ಯೇಸುಸಭೆಯ ಗುರುಗಳನ್ನೂ ಅವರ ಮನೆಗೆಲಸದ ಮಹಿಳೆಯನ್ನೂ ಆಕೆಯ ಮಗಳನ್ನೂ ಸೈನಿಕರು ಹತ್ಯೆ ಮಾಡಿದರು. ವಿಶ್ವಸಂಸ್ಥೆಯ ಸತ್ಯಶೋಧನಾ ಆಯೋಗವು 1993ರ ವರದಿಯಲ್ಲಿ ಎರಡನೆಯ ಪ್ರಕರಣಕ್ಕೆ ಸಂಬಂಧಿಸಿ ಹೆಸರಿಸಿದ 26 ಮಂದಿಯಲ್ಲಿ 19 ಮಂದಿ ಈ ಶಾಲೆಯಲ್ಲಿ ತರಬೇತಿ ಪಡೆದವರಾಗಿದ್ದರು.

ಅಮೆರಿಕದ ಉರ್ಸುಲಿನ್ ಸಭೆಯ ಭಗಿನಿ ಡಯಾನಾ ಓರ್ಟಿಜ್ ಅವರನ್ನು 1989ರ ನವೆಂಬರಿನಲ್ಲಿ ಗ್ವಾಟೆಮಾಲಾದಲ್ಲಿ ಅಪಹರಿಸಿ ಚಿತ್ರಹಿಂಸೆಗೆ ಒಳಪಡಿಸಲಾಯಿತು. ಬದುಕುಳಿದ ಅವರು ಚಿತ್ರಹಿಂಸೆಗೆ ತುತ್ತಾದವರ ನೆರವಿಗಾಗಿ 1998ರಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿದರು.

ಚಳವಳಿ

ಮೇರಿನೋಲ್ ಸಭೆಯ ಗುರುಗಳಾಗಿದ್ದ ರಾಯ್ ಬೂರ್ಜ್ವಾ ಅವರು 1990ರಲ್ಲಿ ಎಸ್‌ಒಎ ವಾಚ್ ಸಂಘಟನೆಯನ್ನು ಆರಂಭಿಸಿದರು. ಯೇಸುಸಭೆಯ ಗುರುಗಳ ಹತ್ಯೆಯ ನೆನಪಿಗಾಗಿ ಪ್ರತಿ ನವೆಂಬರಿನಲ್ಲಿ ಫೋರ್ಟ್ ಬೆನ್ನಿಂಗ್‌ನ ಬಾಗಿಲಲ್ಲಿ ಜನರು ಸೇರುತ್ತಿದ್ದರು. ಮೃತರ ಹೆಸರುಗಳನ್ನು ಬರೆದ ಬಿಳಿ ಶಿಲುಬೆಗಳನ್ನು ಹಿಡಿದು ನಡೆಯುವುದು, ಪ್ರತಿ ಹೆಸರಿಗೂ 'ಪ್ರೆಸೆಂತೆ' (ಇಲ್ಲಿದ್ದಾರೆ) ಎಂದು ಓಗೊಡುವುದು ಇದರ ಪದ್ಧತಿ. ಕೆಲವರು ಸೇನಾನೆಲೆಯ ಗಡಿ ದಾಟಿ ಬಂಧನಕ್ಕೊಳಗಾಗುತ್ತಿದ್ದರು. ಕಾನೂನನ್ನು ಬಹಿರಂಗವಾಗಿ ಮುರಿದು ಶಿಕ್ಷೆಯನ್ನು ಒಪ್ಪಿಕೊಳ್ಳುವ ಈ ಕ್ರಮವು 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದಂತಹ ಕಾನೂನುಭಂಗದ ಮಾದರಿಯದು.

ಹೆನೆಸಿ ಸಹೋದರಿಯರು

ಅಯೋವಾ ರಾಜ್ಯದ ಡುಬುಕ್‌ನ ಫ್ರಾನ್ಸಿಸ್ಕನ್ ಸಭೆಗೆ ಸೇರಿದ ಡೊರೊಥಿ ಹೆನೆಸಿ ಮತ್ತು ಗ್ವೆನ್ ಹೆನೆಸಿ ಒಡಹುಟ್ಟಿದವರು. ಅವರ ಸಹೋದರ ರಾನ್ ಹೆನೆಸಿ ಗ್ವಾಟೆಮಾಲಾದಲ್ಲಿ ಸೇವೆ ಸಲ್ಲಿಸಿದ ಗುರುಗಳು. 2000ದ ನವೆಂಬರಿನಲ್ಲಿ ಸೇನಾನೆಲೆಯನ್ನು ಪ್ರವೇಶಿಸಿದ್ದಕ್ಕಾಗಿ ಈ ಸಹೋದರಿಯರಿಗೆ 2001ರಲ್ಲಿ ಆರು ತಿಂಗಳ ಸೆರೆವಾಸ ವಿಧಿಸಲಾಯಿತು. ಆಗ ಡೊರೊಥಿಯವರಿಗೆ 88 ವರ್ಷ, ಗ್ವೆನ್ ಅವರಿಗೆ 68 ವರ್ಷ. ವಯಸ್ಸಿನ ಕಾರಣದಿಂದ ಡೊರೊಥಿಯವರು ಸೆರೆಮನೆಯ ಬದಲು ಕಾನ್ವೆಂಟಿನಲ್ಲಿಯೇ ಇರಬಹುದೆಂದು ನ್ಯಾಯಾಧೀಶರು ಸೂಚಿಸಿದಾಗ, ಉಳಿದವರಿಗಿಂತ ಬೇರೆ ರೀತಿಯಲ್ಲಿ ತಮ್ಮನ್ನು ನಡೆಸಿಕೊಳ್ಳಬಾರದೆಂದು ಅವರು ಆ ಸೌಲಭ್ಯವನ್ನು ನಿರಾಕರಿಸಿದರು. 2002ರಲ್ಲಿ ಇಬ್ಬರಿಗೂ ಪಾಚೆಮ್ ಇನ್ ತೆರ್ರಿಸ್ ಶಾಂತಿ ಪ್ರಶಸ್ತಿ ದೊರೆಯಿತು. ಡೊರೊಥಿಯವರು 2008ರಲ್ಲಿ ನಿಧನರಾದರು.

ಪರಿಣಾಮ

ಶಾಲೆಯಲ್ಲಿ ಬಳಸಲಾಗಿದ್ದ ಕೈಪಿಡಿಗಳನ್ನು ಅಮೆರಿಕದ ರಕ್ಷಣಾ ಇಲಾಖೆ 1996ರಲ್ಲಿ ಬಹಿರಂಗಪಡಿಸಿತು. ಹೊಡೆತ, ಬೆದರಿಕೆ, ಹತ್ಯೆಗಳನ್ನು ಸಮರ್ಥಿಸುವ ಭಾಗಗಳು ಅವುಗಳಲ್ಲಿದ್ದವು. 1999ರಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯು ಶಾಲೆಯ ಅನುದಾನವನ್ನು ಕಡಿತಗೊಳಿಸುವ ತಿದ್ದುಪಡಿಯನ್ನು 230–197 ಮತಗಳಿಂದ ಅಂಗೀಕರಿಸಿತಾದರೂ ಅದು ಅಂತಿಮ ಕಾಯಿದೆಯಲ್ಲಿ ಉಳಿಯಲಿಲ್ಲ. 2000ದ ಡಿಸೆಂಬರಿನಲ್ಲಿ ಶಾಲೆಯನ್ನು ಮುಚ್ಚಿ, 2001ರ ಜನವರಿಯಲ್ಲಿ ಅದೇ ನೆಲೆಯಲ್ಲಿ ವೆಸ್ಟರ್ನ್ ಹೆಮಿಸ್ಫಿಯರ್ ಇನ್‌ಸ್ಟಿಟ್ಯೂಟ್ ಫಾರ್ ಸೆಕ್ಯುರಿಟಿ ಕೋಆಪರೇಷನ್ ಎಂಬ ಸಂಸ್ಥೆಯನ್ನು ತೆರೆಯಲಾಯಿತು. ಮಾನವ ಹಕ್ಕುಗಳ ಪಾಠ ಇಲ್ಲಿ ಕಡ್ಡಾಯವೆಂದು ಸೇನೆ ಹೇಳುತ್ತದೆ. ಹೆಸರಷ್ಟೇ ಬದಲಾಗಿದೆ ಎಂಬುದು ಚಳವಳಿಗಾರರ ನಿಲುವು. 2016ರಲ್ಲಿ ವಾರ್ಷಿಕ ಸಮಾವೇಶವನ್ನು ಮೆಕ್ಸಿಕೊ ಗಡಿಯ ನೊಗಾಲೆಸ್‌ಗೆ ವರ್ಗಾಯಿಸಲಾಯಿತು.