ರಾಣಿ ಇರುವೆಗೆ ಒಂದು ಕೋಣೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದು ಮನುಷ್ಯರಿಗೆ. ಇರುವೆಯ ರಾಣಿಗೆ ಮದುವೆ ಕಷ್ಟವಲ್ಲ; ಸಾಮಾನ್ಯವಾಗಿ ಒಂದೇ ಹಾರಾಟದಲ್ಲಿ ಅದು ಮುಗಿದುಹೋಗುತ್ತದೆ. ಕಷ್ಟವೆಲ್ಲ ಮನೆಯದು. ನೆಲಕ್ಕಿಳಿದ ರಾಣಿ ತನ್ನ ರೆಕ್ಕೆಗಳನ್ನು ತಾನೇ ಉದುರಿಸಿ, ಹಕ್ಕಿ, ಹಲ್ಲಿ, ಜೇಡಗಳ ಕಣ್ಣು ತಪ್ಪಿಸಿ, ಒಂದು ಬಿಲವನ್ನು ಹುಡುಕಬೇಕು, ಇಲ್ಲವೇ ತೋಡಬೇಕು. ಹೀಗೆ ಹೊರಟವರಲ್ಲಿ ಸಂಸಾರ ಹೂಡುವವರು ಬಹಳ ಕಡಿಮೆ. ಇಂಥ ರಾಣಿಗೆ ಮನುಷ್ಯನೇ ಮನೆ ಕೊಡುವುದಾದರೆ ಅದು ಹೇಗಿರಬೇಕು? ಈ ಪ್ರಶ್ನೆಯ ಹಿಂದೆ ಒಂದೂವರೆ ಶತಮಾನಕ್ಕೂ ಮೀರಿದ ಇತಿಹಾಸವಿದೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸಬೇಕು. ಮುಂಗಾರಿನ ಸಂಜೆ ದೀಪಕ್ಕೆ ಮುತ್ತುವ ಈಸಲುಗಳು ಗೆದ್ದಲಿನವು, ಇರುವೆಯವಲ್ಲ. ರೆಕ್ಕೆಯ ಇರುವೆಗೆ ಸೊಂಟ ಸಣ್ಣ, ಮುಂದಿನ ರೆಕ್ಕೆಗಳು ಹಿಂದಿನವಕ್ಕಿಂತ ದೊಡ್ಡವು. ಗೆದ್ದಲಿಗೆ ಅಂಥ ಸೊಂಟವಿಲ್ಲ. ನಾಲ್ಕು ರೆಕ್ಕೆಗಳೂ ಹೆಚ್ಚುಕಡಿಮೆ ಸಮ.

ಇರುವೆಗಳನ್ನು ಗಾಜಿನ ಪಾತ್ರೆಗಳಲ್ಲಿಟ್ಟು ನೋಡಿದ ಮೊದಲಿಗರಲ್ಲಿ ಫ್ರಾನ್ಸಿನ ರಿಯೋಮ್ಯೂರ್ ಒಬ್ಬರು. ಉಷ್ಣಮಾಪಕದ ಒಂದು ಅಳತೆಗೆ ಇಂದಿಗೂ ಅವರ ಹೆಸರಿದೆ. ರೆಕ್ಕೆಯ ಹೆಣ್ಣುಗಳೇ ಮುಂದೆ ರೆಕ್ಕೆ ಕಳಚಿ ತಾಯಂದಿರಾಗುತ್ತವೆ ಎಂಬುದು ಅವರಿಗೆ ತಿಳಿದಿತ್ತು. ಆದರೆ 1742-43ರ ಸುಮಾರಿಗೆ ಅವರು ಬರೆದ ಇರುವೆಗಳ ಚರಿತ್ರೆ ಹಸ್ತಪ್ರತಿಯಾಗಿಯೇ ಉಳಿಯಿತು. ಅಮೆರಿಕದ ವಿಜ್ಞಾನಿ ವೀಲರ್ ಅದನ್ನು ಪ್ರಕಟಿಸಿದ್ದು 1926ರಲ್ಲಿ, ಅಂದರೆ ಸುಮಾರು 180 ವರ್ಷಗಳ ಮೇಲೆ! ಕಡತ ಕಪಾಟಿನಲ್ಲಿ ಕೂತರೆ ಏನಾಗುತ್ತದೆಂದು ಕಚೇರಿಗಳಲ್ಲಿ ದುಡಿಯುವ ನಮಗೆ ವಿವರಿಸಬೇಕಾಗಿಲ್ಲ.

ಆದ್ದರಿಂದ ಮುಂದಿನವರು ಮೊದಲಿನಿಂದಲೇ ಕೆಲಸ ಶುರುಮಾಡಬೇಕಾಯಿತು. ಜಿನೀವಾದ ಪಿಯೆರ್ ಹ್ಯೂಬರ್ 1810ರಲ್ಲಿ ಇರುವೆಗಳ ಮೇಲೆ ಹೆಸರಾಂತ ಗ್ರಂಥವನ್ನು ಬರೆದರು. ಅವರ ತಂದೆ, ಕಣ್ಣು ಕಾಣದಿದ್ದರೂ ಜೇನ್ನೊಣಗಳ ಮಹಾಪಂಡಿತರೆನಿಸಿದ ಫ್ರಾನ್ಸ್ವಾ ಹ್ಯೂಬರ್. ರಾಣಿ ತನ್ನ ರೆಕ್ಕೆಗಳನ್ನು ತಾನೇ ಉದುರಿಸಿಕೊಳ್ಳುವುದನ್ನು ಮಗ ಕಣ್ಣಾರೆ ಕಂಡು ಬರೆದರು. ಆದರೂ ಮೂಲಪ್ರಶ್ನೆ ಉಳಿದೇ ಇತ್ತು. ಆಳುಗಳ ನೆರವಿಲ್ಲದೆ ಒಂಟಿ ರಾಣಿ ಸಂಸಾರ ಹೂಡಬಲ್ಲಳೇ? ಈ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿರಲಿಲ್ಲ.

ಇಂಗ್ಲೆಂಡಿನ ಜಾನ್ ಲಬಕ್ ಇದನ್ನು ಪರೀಕ್ಷೆಗೆ ಒಡ್ಡಿದರು. ಅವರು ಬ್ಯಾಂಕರು, ಪಾರ್ಲಿಮೆಂಟಿನ ಸದಸ್ಯರು, ಡಾರ್ವಿನ್ನರ ನೆರೆಯವರು. 1871ರಲ್ಲಿ ಬ್ಯಾಂಕ್ ರಜೆಗಳ ಕಾನೂನನ್ನು ತಂದವರೂ ಇವರೇ. ನೌಕರವರ್ಗ ನೆನೆಯಬೇಕಾದ ಮನುಷ್ಯ. ಎರಡು ಗಾಜಿನ ಹಲಗೆಗಳ ನಡುವೆ ಇರುವೆ ಓಡಾಡುವಷ್ಟೇ ಸಂದು ಬಿಟ್ಟು, ಅದರಲ್ಲಿ ನುಣ್ಣನೆಯ ಮಣ್ಣು ತುಂಬಿ, ನೋಡದ ಹೊತ್ತಿನಲ್ಲಿ ಮೇಲೆ ಮುಚ್ಚಿಡುತ್ತಿದ್ದರು. 1876ರ ಆಗಸ್ಟಿನಲ್ಲಿ ಮರ್ಮಿಕ ಜಾತಿಯ ಎರಡು ಜೋಡಿಗಳನ್ನು ತಂದು, ತೇವದ ಮಣ್ಣು, ಆಹಾರ, ನೀರು ಕೊಟ್ಟು ಪ್ರತ್ಯೇಕವಾಗಿಟ್ಟರು. ಮರುವರ್ಷದ ಏಪ್ರಿಲ್‌ನಲ್ಲಿ ಮೊಟ್ಟೆಗಳು ಕಂಡವು. ಮೇ ತಿಂಗಳ ಹೊತ್ತಿಗೆ ಗಂಡುಗಳೆರಡೂ ಸತ್ತವು. ಜುಲೈನಲ್ಲಿ ಮೊದಲ ಆಳು ಇರುವೆ ಹೊರಬಂತು. ಆಳುಗಳ ನೆರವಿಲ್ಲದೆ ಸಂಸಾರ ಹೂಡಬಹುದೆಂಬುದು ಹೀಗೆ ಸಿದ್ಧವಾಯಿತು. 1874ರ ಡಿಸೆಂಬರಿನಲ್ಲಿ ಅವರು ಹಿಡಿದಿದ್ದ ಬೇರೊಂದು ಜಾತಿಯ ರಾಣಿಯಂತೂ ಅವರ ಗಾಜಿನ ಮನೆಯಲ್ಲಿ 1888ರವರೆಗೆ ಬಾಳಿದಳು!

ಗಾಜು ನೋಡುವವನಿಗೆ ಅನುಕೂಲ; ಇರುವೆಗೆ ಬೇಕಾದದ್ದು ತೇವ. ಇದನ್ನು ಮನಗಂಡವರು ಫ್ರಾನ್ಸಿನ ಎಂಜಿನಿಯರ್ ಶಾರ್ಲ್ ಜಾನೆ. ನೀರು ಹೀರುವ ಪ್ಲಾಸ್ಟರಿನ ಅಚ್ಚಿನಲ್ಲಿ ಸಾಲು ಕೋಣೆಗಳನ್ನು ಮಾಡಿ, ಒಂದು ತುದಿಗೆ ನೀರಿನ ತೊಟ್ಟಿ ಇಟ್ಟರು. ತೊಟ್ಟಿಯ ಪಕ್ಕದ ಕೋಣೆ ಒದ್ದೆ, ಕೊನೆಯದು ಒಣ; ಇರುವೆಗಳು ತಮಗೆ ಒಗ್ಗುವ ಕೋಣೆಯನ್ನು ತಾವೇ ಆರಿಸಿಕೊಳ್ಳಬಹುದಿತ್ತು. 1893ರಲ್ಲಿ ಇಂಥ ಸಲಕರಣೆಗಳನ್ನು ಕುರಿತು ಅವರು ಬರೆದರು. ಚೀನದಲ್ಲಿ ಮಿಷನರಿಯಾಗಿದ್ದು ಅಮೆರಿಕಕ್ಕೆ ಮರಳಿದ ಅಡೀಲ್ ಫೀಲ್ಡ್ ಎಂಬ ಮಹಿಳೆ, ಒದ್ದೆ ಸ್ಪಂಜನ್ನಿಟ್ಟ, ಕೈಯಲ್ಲಿ ಹೊತ್ತೊಯ್ಯಬಹುದಾದ ಗಾಜಿನ ಗೂಡನ್ನು 1900ರಲ್ಲಿ ವಿವರಿಸಿದರು.

ಜಾನೆಯವರ ಇನ್ನೊಂದು ಶೋಧ ಇವೆಲ್ಲಕ್ಕಿಂತ ಮುಖ್ಯ. ರೆಕ್ಕೆ ಉದುರಿದ ಮೇಲೆ ರಾಣಿಯ ಹಾರಾಟದ ಸ್ನಾಯುಗಳು ಕರಗಿಹೋಗುವುದನ್ನು ಅವರು 1907ರ ಸುಮಾರಿಗೆ ತೋರಿಸಿಕೊಟ್ಟರು. ಆ ಸ್ನಾಯುವೂ ಮೈಯ ಕೊಬ್ಬೂ ಸೇರಿ ಅವಳ ಬುತ್ತಿ. ಅನೇಕ ಜಾತಿಗಳಲ್ಲಿ ರಾಣಿ ಬಾಗಿಲು ಮುಚ್ಚಿಕೊಂಡು, ಏನನ್ನೂ ತಿನ್ನದೆ, ಈ ಬುತ್ತಿಯಿಂದಲೇ ಮೊದಲ ಮರಿಗಳನ್ನು ಸಾಕುತ್ತಾಳೆ. ಅರೆಹೊಟ್ಟೆಯಲ್ಲಿ ಬೆಳೆದ ಆ ಮೊದಲ ಆಳುಗಳು ಗಾತ್ರದಲ್ಲಿ ಸಣ್ಣವು; ಆದರೂ ಹೊರಗೆ ಹೋಗಿ ದುಡಿದು ತಾಯಿಗೆ ಉಣಿಸತೊಡಗುವವು ಅವೇ.

ಹಾಗಿದ್ದ ಮೇಲೆ ಅವಳಿಗೆ ಅರಮನೆ ಏಕೆ? ಇಂದು ಇರುವೆ ಸಾಕುವವರು ಆರಿಸುವುದು ಒಂದು ಸಾಧಾರಣ ಪ್ರನಾಳವನ್ನು. ಮೂರನೆಯ ಒಂದು ಭಾಗ ನೀರು, ನೀರಿಗೆ ತಾಗುವಂತೆ ಬಿಗಿಯಾದ ಹತ್ತಿಯ ಬಿರಡೆ, ರಾಣಿಗೆ ಒಂದೆರಡು ಅಂಗುಲ ಜಾಗ, ಬಾಯಿಗೆ ಮತ್ತೊಂದು ಹತ್ತಿ. ಹತ್ತಿಯ ಮೂಲಕ ತೇವ ದೊರೆಯುತ್ತದೆ, ಗಾಳಿಯೂ ಆಡುತ್ತದೆ. ಇದನ್ನು ಕತ್ತಲಲ್ಲಿ, ಅಲುಗಾಡದ ಕಡೆ ಇಡಬೇಕು. ಮಣ್ಣು ತುಂಬಿದ ದೊಡ್ಡ ಪೆಟ್ಟಿಗೆಯಲ್ಲಿ ತೇವವನ್ನು ಹದದಲ್ಲಿ ಇಡುವುದು ಕಷ್ಟ, ಬೂಷ್ಟು ಬಂದರೆ ತೆಗೆಯುವುದು ಇನ್ನೂ ಕಷ್ಟ. ದಿನವೂ ಬೆಳಕು ಹಿಡಿದು ಇಣುಕಿದರಂತೂ ಬೆದರಿದ ರಾಣಿ ತನ್ನ ಮೊಟ್ಟೆಗಳನ್ನೇ ತಿಂದುಬಿಡಬಹುದು. ಆಳುಗಳ ಸಂಖ್ಯೆ ಹೆಚ್ಚಿದ ಮೇಲೆ ದೊಡ್ಡ ಗೂಡಿಗೆ ದಾರಿ ಮಾಡಿಕೊಟ್ಟರೆ ಸಾಕು.

ಆದರೆ ಎಲ್ಲ ರಾಣಿಯರಿಗೂ ಇದೇ ಮನೆ ಸಲ್ಲದು. ಜರ್ಡನ್ 1851ರಲ್ಲಿ ಮದರಾಸಿನ ನಿಯತಕಾಲಿಕದಲ್ಲಿ ವರ್ಣಿಸಿದ, ನಮ್ಮ ಪಶ್ಚಿಮ ಘಟ್ಟಗಳಲ್ಲೂ ಇರುವ ಜಿಗಿಯುವ ಇರುವೆಯ ರಾಣಿ ಹೊರಗೆ ಹೋಗಿ ಬೇಟೆಯಾಡುವವಳು. ಆಹಾರ ಹಾಕದೆ ಮುಚ್ಚಿಟ್ಟರೆ ಸಾಯುತ್ತಾಳೆ. ಮಲೆನಾಡಿನವರು ಚಟ್ನಿಗೆ ತರುವ ಚಗಳಿಯ ರಾಣಿ ನೆಲದ ಬಿಲವನ್ನೇ ಬಯಸುವುದಿಲ್ಲ. ಮರದ ಎಲೆಗಳ ಮರೆಯಲ್ಲಿ ಸಂಸಾರ ಹೂಡುತ್ತಾಳೆ. ಆದ್ದರಿಂದ ಜಾತಿ ತಿಳಿಯದೆ ರಾಣಿಯನ್ನು ಹಿಡಿಯಬಾರದು. ಅವಳೊಬ್ಬಳು ಸತ್ತರೆ ಮುಂದೆ ಹುಟ್ಟಬಹುದಾಗಿದ್ದ ಒಂದು ಊರೇ ಹೋದಂತೆ.

ಒಂದೇ ಖೋಲಿಯಲ್ಲಿ ಒಲೆ ಹೂಡಿ, ಮಕ್ಕಳು ಬೆಳೆದಂತೆ ಮನೆ ಬದಲಿಸಿದ ಕುಟುಂಬಗಳು ನಮ್ಮ ನಡುವೆ ಬೇಕಾದಷ್ಟಿವೆ. ಅಂಥವರಿಗೆ ಈ ವಿಷಯ ಬೇಗ ಮನಸ್ಸಿಗೆ ಹತ್ತೀತು. ಮಳೆಗಾಲದಲ್ಲಿ ರೆಕ್ಕೆ ಕಳೆದುಕೊಂಡ ದಪ್ಪನೆಯ ಇರುವೆಯೊಂದು ಗೋಡೆಯ ಬುಡದಲ್ಲಿ ಬಿರುಕು ಹುಡುಕುತ್ತಿದ್ದರೆ, ಪೊರಕೆ ಎತ್ತುವ ಮುನ್ನ ಮಕ್ಕಳನ್ನು ಕರೆದು ಒಮ್ಮೆ ತೋರಿಸಿ.